ಕುಸುರೆಳ್ಳಿನ ಮುಳ್ಳು

“ಊಂ” ಎಂದಳು ವೀರಮ್ಮ.

ಪ್ರೇಮಮ್ಮ ಚಮಚ ಬಾಗಿಸಿ ಒಂದು ಹನಿ ಸಕ್ಕರೆ ಪಾಕ ಬಿಟ್ಟಳು. ಬೂದಿ ಮುಚ್ಚಿದ ಕೆಂಡದ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ತೊಳೆದು ಸಿಪ್ಪೆ ತೆಗೆದ ಎಳ್ಳು. ಅತ್ತೆಯ ಬೆರಳುಗಳು ಆ ಹನಿಯನ್ನು ಕಾಳುಕಾಳಿಗೂ ಹಂಚುತ್ತಾ ತಟ್ಟೆಯ ತುಂಬ ಸುತ್ತಿದವು. ಪಾಕ ಆರುವ ಮುಂಚೆ ಇನ್ನೊಂದು ಹನಿ ಬಿತ್ತೋ, ಎಲ್ಲ ಅಂಟಿಕೊಂಡು ಮುದ್ದೆ. ಆರಿದ್ದು ಗೊತ್ತಾಗುವುದು ಉರುಳಿಸುವ ಬೆರಳಿಗೆ ಮಾತ್ರ. ಅದಕ್ಕೇ ಒಬ್ಬರು ಹೇಳಬೇಕು, ಇನ್ನೊಬ್ಬರು ಬಿಡಬೇಕು.

“ಊಂ.”

ಪಿರಿಯಾಪಟ್ಟಣದ ಈ ಮನೆಗೆ ಸೊಸೆಯಾಗಿ ಬಂದಮೇಲೆ ಅತ್ತೆ ತನಗೆಂದು ಬಾಯಿ ಬಿಟ್ಟದ್ದು ಇದೇ ಮೊದಲು. ವೀರಮ್ಮನ ಮಗ ಬೆಟ್ಟಸ್ವಾಮಿ ಕೊಡಗಿನ ತೋಟಕ್ಕೆ ಲಾರಿಯಲ್ಲಿ ಗೊಬ್ಬರ ಹೊಡೆಯಲು ಹೋದವನು ಅಲ್ಲಿನ ಕೂಲಿಯವರ ಲೈನ್ ಮನೆಯ ಹುಡುಗಿ ಪ್ರೇಮಮ್ಮನ ಕೈ ಹಿಡಿದು ಬಂದಿದ್ದ. ಜಾತಿ ಯಾವುದೆಂದು ಬೀದಿಯವರು ಅವತ್ತೇ ವಿಚಾರಿಸಿ ಮುಗಿಸಿದ್ದರು. ಅಂಥವರ ಕೈ ಕುಯ್ದ ಕಾಫಿಯನ್ನು ಇವರೆಲ್ಲ ಸೊರ್ರೆಂದು ಹೀರುತ್ತಾರೆ, ಆ ಕೈ ಮುಟ್ಟಿದ ನೀರು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಅಂದಿನಿಂದ ಅವಳ ಅಡುಗೆ ಹಿತ್ತಿಲ ಮೂರು ಕಲ್ಲಿನ ಮೇಲೆ. ಬೇರೆ ಮನೆ ಮಾಡೋಣವೆಂದು ಗಂಡ ಎಷ್ಟು ಕೂಗಾಡಿದರೂ ಅವಳು ಜಗ್ಗಿರಲಿಲ್ಲ. ಈ ಮನೆಯ ಒಳಗಿನ ಒಲೆ ಮುಂದೆ ಕೂರಬೇಕು. ಅವಳಿಗಿದ್ದ ಆಸೆ ಅದೊಂದೇ.

ಪ್ರತಿ ಸಂಕ್ರಾಂತಿಗೂ ಪಾಕ ಬಿಡಲು ವೀರಮ್ಮನ ಮಗಳಿರುತ್ತಿದ್ದಳು. ಈಗ ಅವಳು ಮದುವೆಯಾಗಿ ಬಿಳಿಕೆರೆ ಸೇರಿದ್ದಾಳೆ. ನಿನ್ನೆ ಒಬ್ಬಳೇ ಕೂತು ವೀರಮ್ಮ ಒಂದು ತಟ್ಟೆ ಎಳ್ಳು ಕೆಡಿಸಿದ್ದಳು. ಇವತ್ತು ಮಂಜು ಕರಗುವ ಮುಂಚೆಯೇ ಪ್ರೇಮಮ್ಮ ಮಿಂದು ಬಂದು, ಯಾರೂ ಕರೆಯದೆ ಚಮಚ ಎತ್ತಿಕೊಂಡಳು. ಅತ್ತೆ ಏಳು ಅನ್ನಲಿಲ್ಲ. ಕೂರು ಅಂತಲೂ ಅನ್ನಲಿಲ್ಲ.

ಬಾಗಿಲಾಚೆ ಬೀದಿಯೇ ಕಾಣದಷ್ಟು ಮಂಜು. ಊಂ, ಒಂದು ಹನಿ. ಊಂ, ಇನ್ನೊಂದು ಹನಿ. ನೋಡನೋಡುತ್ತಿದ್ದಂತೆ ಕಾಳುಗಳ ಮೈಮೇಲೆ ಬಿಳಿ ಚುಕ್ಕಿ ಎದ್ದವು, ಚುಕ್ಕಿಗಳು ಚೂಪಾಗಿ ಮುಳ್ಳಾದವು. ಪ್ರೇಮಮ್ಮನಿಗೆ ತಾನು ತಟ್ಟೆಯೊಳಗೆ ಇಳಿದು ಹೋಗುತ್ತಿರುವಂತೆ ಅನಿಸಿತು. ಕೊಡಗಿನ ತೋಟದಲ್ಲಿ ಮೊಗ್ಗು ಬಿರಿಸುವ ಹೂಮಳೆ ಬಿದ್ದಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಗುಡ್ಡಕ್ಕೆ ಗುಡ್ಡವೇ ಕಾಫಿ ಹೂವಾಗಿ ಬೆಳ್ಳಗೆ ನಿಂತಿರುತ್ತಿತ್ತು. ಹೂ ಉದುರೀತೆಂದು ಮಾತೂ ಆಡದೆ ಗಿಡಗಳ ನಡುವೆ ನಡೆಯುತ್ತಿದ್ದಳು. ಈಗಲೂ ಅದೇ ಗುಡ್ಡ, ಅಂಗೈಯಗಲ. ಅದರ ಮೇಲೆ ಅತ್ತೆಯ ಬೆರಳು ಗಾಳಿಯ ಹಾಗೆ ಸುಳಿದಾಡುತ್ತಿತ್ತು.

ಆ ಗುಂಗಿನಲ್ಲೇ ಅವಳ ಚಮಚ ವಾಲಿತು.

“ನಾ ಊಂ ಅನ್ನೋಗಂಟ ಬುಡಬ್ಯಾಡ. ಏನ್ ಆತ್ರ, ಬಸ್ಸು ಒಂಟೋಯ್ತದಾ?” ವೀರಮ್ಮ ಅಂಟಿದ ಕಾಳುಗಳನ್ನು ಉಗುರಿನಿಂದ ಬಿಡಿಸಿದಳು. ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು, “ನಿಮ್ ಕಡೀಕೂ ಇಂಗೇ ಚಳಿ ಬಿದ್ದದಾ?”

“ಇದಕ್ಕಿಂತ ಜಾಸ್ತಿ, ಅತ್ತೆ.”

“ಅಂಗಾರೆ ಮುಳ್ಳು ಚೆಂದಾಗಿ ಏಳ್ತವೆ. ಚಳಿ ಇದ್ರೇನೇ ಇದು.”

“ಲೈನಲ್ಲಿ ಕುಸುರೆಳ್ಳು ಯಾರು ಮಾಡ್ತಾರೆ ಅತ್ತೆ? ಅಲ್ಲಿ ಕಾಪಿಗೇ ಸಕ್ಕರೆ ಇರ್ತಿರ್ಲಿಲ್ಲ.”

ವೀರಮ್ಮ ಕೆಂಡದ ಅಗ್ಗಿಷ್ಟಿಕೆಯನ್ನು ತಟ್ಟೆ ಸಮೇತ ಸೊಸೆಯತ್ತ ಒಂದು ಗೇಣು ಸರಿಸಿದಳು.

ಎದುರುಮನೆ ಮಂಗಳಮ್ಮ ಡಬ್ಬ ಹಿಡಿದು ಮಂಜಿನಿಂದ ಒಳಗೆ ಬಂದದ್ದು ಆಗ. ಅವಳ ಕೈ ಬೇಗ ಬೆವರುತ್ತದೆ. ಅವಳು ಮಾಡಿದ ಎಳ್ಳಿಗೆ ಮುಳ್ಳೇ ಏಳುವುದಿಲ್ಲ. ಹಾಗಾಗಿ ಹಬ್ಬದಲ್ಲಿ ಬೀರಲು ಅವಳ ಮನೆಗೆ ಯಾವತ್ತೂ ವೀರಮ್ಮನ ಕುಸುರೆಳ್ಳೇ. ಹೊಸಿಲು ದಾಟಿದವಳು ಅಲ್ಲೇ ನಿಂತಳು.

“ಇದೇನ್ ವೀರಮ್ಮ, ಇವ್ಳನ್ನ ಒಳೀಕೆ ಕೂರಿಸ್ಕಂಡಿದ್ದೀಯೆ?”

“ಪಾಕ ಬುಡಕ್ಕೆ ಒಂದ್ ಕೈ ಬೇಕಲ್ಲಮ್ಮಿ.”

“ನನ್ ಕರೀಬಾರ್ದಾಗಿತ್ತಾ?”

“ನಿನ್ ಕರುದ್ರೆ ಪಾಕ ತಟ್ಟೆಗೆ ಬೀಳಲ್ಲ, ನಿನ್ ಬಾಯಿಗೇ ಬೀಳದು.”

ಮಂಗಳಮ್ಮ ನಗಲಿಲ್ಲ. “ತಮಾಸೆ ಅಲ್ಲ ಕಣೆ. ನಾಳೆ ದೇವ್ರ ಮುಂದೆ ಇಡೋ ಎಳ್ಳು, ಬೀದಿಗೆಲ್ಲ ಬೀರೋ ಎಳ್ಳು. ಇವ್ಳ ಕೈ ತಾಕಿದ್ನ ನಾವೆಂಗೆ ತಿನ್ನಾದು?”

ಸೊಸೆಯೆಂದು ಅತ್ತೆ ಇವತ್ತಿನವರೆಗೆ ಬಾಯಿಬಿಟ್ಟು ಹೇಳಿದವಳಲ್ಲ. ಇಡೀ ಬೀದಿಯನ್ನು ಎದುರು ಹಾಕಿಕೊಂಡು ಈಗ ಹೇಳುತ್ತಾಳೆಯೇ? ಪ್ರೇಮಮ್ಮ ಚಮಚವನ್ನು ಪಾತ್ರೆಯ ಅಂಚಿಗೆ ಒರಗಿಸಿ, ಸೆರಗು ಸುತ್ತಿಕೊಂಡು ಎದ್ದಳು. ಹಿತ್ತಿಲ ಬಾಗಿಲು ನಾಲ್ಕು ಹೆಜ್ಜೆ ದೂರ.

“ಕೂತ್ಕಳಮ್ಮ ಪ್ರೇಮ” ಎಂದಳು ವೀರಮ್ಮ. “ಪಾಕ ಆರೋಯ್ತದೆ.”

ಪ್ರೇಮಮ್ಮ ಕೂತಳು. ವೀರಮ್ಮ ತಟ್ಟೆಯಿಂದ ಒಂದು ಚಿಟಿಕೆ ಎತ್ತಿ ಮಂಗಳಮ್ಮನ ಅಂಗೈಗೆ ಹಾಕಿದಳು.

“ಇಕಾ. ನನ್ ಸೊಸೆ ಬುಟ್ಟ ಪಾಕ ಯಾವ್ದು, ನಾ ಆಡ್ಸಿದ ಬೆರಳು ಯಾವ್ದು, ಬೆಳಕಿಗೆ ಇಡ್ಕಂಡು ಸರಿಯಾಗಿ ನೋಡು. ಅವ್ಳುದ ಬುಟ್ಟು ನಂದಷ್ಟೇ ಆರಿಸ್ಕಂಡ್ ತಿನ್ನು.”

ಮಂಗಳಮ್ಮ ಬಾಗಿಲ ಬೆಳಕಿಗೆ ತಿರುಗಿದಳು. ಅಂಗೈ ಬಿಡಿಸಿಕೊಂಡು ಬಹಳ ಹೊತ್ತು ನಿಂತಳು. ಬಾಯಿಗೂ ಹಾಕಿಕೊಳ್ಳಲಿಲ್ಲ, ಕೆಳಗೂ ಚೆಲ್ಲಲಿಲ್ಲ. ಆ ಚಳಿಯಲ್ಲೂ ಅವಳ ಕೈ ಬೆವರತೊಡಗಿತ್ತು. ಕಾಳುಗಳು ಒಂದೊಂದಾಗಿ ಕರಗಿ ಅಂಗೈಗೇ ಅಂಟಿಕೊಳ್ಳುತ್ತಿದ್ದವು.