ಮುನ್ನೂರ ಹದಿನೇಳು ತೆಂಗಿನಕಾಯಿ

“ಒಂಬತ್ತು ಸಾಲಿನ ಕಮ್ಯಾಂಡನ್ನ ಒಂದಕ್ಕೆ ಇಳಿಸಿದ್ದೀನಿ ಅತ್ತೆ. ಬ್ಲಾಗಿನ ಹೆಸರು ಹೊಡೀರಿ, ಎಂಟರ್ ಒತ್ತಿ, ಅಷ್ಟೇ,” ಎಂದು ಅಂಜುಷಾ ಲ್ಯಾಪ್‌ಟಾಪನ್ನು ಸೋದರಮಾವನ ಹೆಂಡತಿ ವಿಲಾಸಿನಿಯ ಮುಂದೆ ತಳ್ಳಿದಳು.

ಗಂಟೆ ನಾಲ್ಕೂವರೆ. ಐದಕ್ಕೆ ಆ ಹಳೆಯ ಬ್ಲಾಗುತಾಣ ಬಾಗಿಲು ಹಾಕುತ್ತಿತ್ತು. ಕೇರಳದ ವಡಗರದ ಈ ಮನೆಯಲ್ಲೇ ಕೂತು ವಿಲಾಸಿನಿ ಹನ್ನೊಂದು ವರ್ಷ ಮಲಯಾಳಂನಲ್ಲಿ ಬರೆದದ್ದೆಲ್ಲ ಅದರ ಜೊತೆಗೇ ಮಾಯವಾಗುವುದಿತ್ತು. ಅದನ್ನು ಹೊಸ ತಾಣಕ್ಕೆ ಹೊತ್ತು ತರುವ ಪ್ರೋಗ್ರಾಮು ಅಂಜುಷಾಳದೇ. ಬೆಳಿಗ್ಗೆ ಮಾತ್ರ ಕಪ್ಪು ಪರದೆಯ ಮುಂದೆ ವಿಲಾಸಿನಿ ಸಾಲು ಸಾಲಿಗೂ ಮುಗ್ಗರಿಸಿದ್ದಳು. ‘ಇಲ್ಲಿ ನಿಮ್ಮ ಬ್ಲಾಗಿನ ಹೆಸರು’ ಎಂದಿದ್ದ ಕಡೆ, ಪಾಪ, ‘ಇಲ್ಲಿ ನಿಮ್ಮ ಬ್ಲಾಗಿನ ಹೆಸರು’ ಎಂದೇ ಹೊಡೆದಿದ್ದಳು.

ಈ ಸಲ ಎಂಟರ್ ಒತ್ತಿದ್ದೇ ತಡ, ಸಾಲುಗಳು ದಡದಡ ಓಡಿದವು. ಬಂದ ಬರಹ 318. ಎಸೆದ ಕಸ 317.

“ಕಸವನ್ನೂ ಅದೇ ಗುಡಿಸುತ್ತೆ,” ಅಂಜುಷಾ ಬೀಗಿದಳು. “ಯಾವನೋ ‘ಮರಳುಗಾಡಿನ ಕಾಗೆ’ ಅಂತೆ. ಪ್ರತಿ ಬರಹದ ಕೆಳಗೂ ಬರೀ ‘ಠೇ’ ಅಂತ ಬರೆದಿದ್ದಾನೆ, ತಲೆಕೆಟ್ಟವನು.”

“ಅಯ್ಯೋ ಹುಡುಗಿ, ಅವು ನನ್ನ ತೆಂಗಿನಕಾಯಿ ಕಣೇ.”

ಹೊರಗಿನವರಿಗೆ ಹುಚ್ಚು ಅನ್ನಿಸೀತು, ಆದರೆ ಆಗ ಮಲಯಾಳಿ ಬ್ಲಾಗಿಗರಲ್ಲಿ ಅದೊಂದು ಶಾಸ್ತ್ರ. ಹೊಸ ಬರಹವನ್ನು ಎಲ್ಲರಿಗಿಂತ ಮೊದಲು ಓದಿದವರು ಅದರ ಕೆಳಗೆ, ತೆಂಗಿನಕಾಯಿ ಒಡೆದ ಸದ್ದಿನಂತೆ ‘ಠೇ’ ಎಂದು ಬರೆದು ಕಾಯಿ ಒಡೆಯಬೇಕು.

“ಬರಹ ಹೋದ್ರೆ ಇನ್ನೊಂದ್ಸಲ ಬರ್ಕೋತೀನಿ. ಕಾಯಿ ಎಲ್ಲಿಂದ ತರ್ಲಿ?” ಎಂದ ವಿಲಾಸಿನಿ, ಜಗಲಿಯಲ್ಲಿ ಪತ್ರಿಕೆಯ ಹಿಂದೆ ಅಡಗಿದ್ದ ಗಂಡ ಪ್ರಭಾಸನ್‌ನತ್ತ ತಿರುಗಿದಳು. “ಈ ಕಾಗೆ ಯಾರು ಅಂತ ನಿಮಗೇನಾದ್ರೂ ಗೊತ್ತಾ?”

“ನನಗೇನು ಗೊತ್ತು? ಕತಾರಿನ ಗೋದಾಮಿನಲ್ಲಿ ತಲೆ ಕೆರೆಯೋಕೆ ಪುರುಸೊತ್ತಿರ್ಲಿಲ್ಲ. ನಿನ್ನ ಬ್ಲಾಗ್ ಓದ್ತಾ ಕೂತಿರ್ತೀನಾ?”

ಅಂಜುಷಾ ಕಸ ಗುಡಿಸುವ ಸಾಲನ್ನು ಅಳಿಸಿದಳು. ಐದಕ್ಕೆ ನಾಲ್ಕು ನಿಮಿಷವಿದ್ದಾಗ ವಿಲಾಸಿನಿ ಮತ್ತೆ ಹೆಸರು ಹೊಡೆದಳು. ಮುನ್ನೂರ ಹದಿನೇಳು ‘ಠೇ’ಗಳೂ ಬಂದು ಬಿದ್ದವು. ಐವತ್ತೆಂಟರ ಹೆಂಗಸು ಸೆರಗು ಸಿಕ್ಕಿಸಿ ಒಂದು ಸುತ್ತು ಕುಣಿದೇಬಿಟ್ಟಳು.

“ಒಂದು ಕಮ್ಮಿ ಇದೆಯಲ್ಲ ಅತ್ತೆ. ಮತ್ತೆ ಓಡಿಸ್ಲಾ?”

“ಬೇಡ. ಕೊನೇ ಬರಹಕ್ಕೆ ಕಾಯಿ ಬೀಳ್ಲೇ ಇಲ್ಲ. ಎರಡು ದಿನ ಕಾದೆ. ಬೇಜಾರಾಗಿ ಬರೆಯೋದನ್ನೇ ಬಿಟ್ಟೆ.”

ಪತ್ರಿಕೆ ಕೆಳಗಿಳಿಯಿತು. “ಆವತ್ತು ನಾನು ವಿಮಾನದಲ್ಲಿದ್ದೆ ಕಣೇ, ಊರಿಗೆ ಬರ್ತಾ. ಹೇಗೆ ಒಡೀಲಿ?”

ಆಡಿದ ಮೇಲೆ ಅವನಿಗೇ ತಿಳಿಯಿತು. ಇಬ್ಬರು ಹೆಂಗಸರೂ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದರು. ಅವನ ಕಿವಿ ಕೆಂಪಾಯಿತು. ಎದ್ದು ಅಡುಗೆಮನೆಗೆ ಹೋದ, ಸುಲಿದ ಕಾಯೊಂದನ್ನು ತಂದು ಅಂಗಳಕ್ಕಿಳಿದು ಕಲ್ಲಿಗೆ ಅಪ್ಪಳಿಸಿದ.

“ತಗೋ, ಆರು ವರ್ಷ ತಡ ಆಯ್ತು,” ಎಂದ, ಮುಖಕ್ಕೆ ಸಿಡಿದ ಕಾಯಿನೀರು ಒರೆಸಿಕೊಳ್ಳುತ್ತ. “ಇನ್ನು ಮುಂದಿನದು ಬರಿ.”