ಆನೆಯ ಕಿವಿ

"ಇವತ್ತೂ ಹಾರ್‌ಬುಡ್ತು ಕಣಪ್ಪ ನಿನ್ನ ಆನೆ! ಐದಾಗೋಕೆ ಇನ್ನೂ ಟೈಮಿತ್ತು, ಆಗ್ಲೇ ಐದು ತೋರಿಸ್ತು. ಆಳುಗಳೆಲ್ಲ ಕೈ ತೊಳ್ಕೊಂಡು ಹೊಂಟೋದ್ರು."

ಬೊಂಬೆ ಕಾರ್ಖಾನೆಯ ಹುಸೇನ್ ಸಾಬರು ಮೆರುಗಿನ ಮರದ ಆನೆಯನ್ನು ತನ್ವೀರನ ಮುಂದೆ ಕುಕ್ಕಿದರು. ಅದರ ಹೊಟ್ಟೆಯಲ್ಲಿ ಪುಟ್ಟ ಡಿಸ್‌ಪ್ಲೇ, ಒಳಗೆ ಮೈಕ್ರೊಕಂಟ್ರೋಲರ್, ಕಿವಿಯಲ್ಲಿ ಮೈಕು. ರೇಡಿಯೊ ಸುದ್ದಿಗೆ ಮುಂಚೆ ಬರುವ ಪೀಂ ಪೀಂ ಕೇಳಿಸಿದರೆ ಸಾಕು, ಗಡಿಯಾರ ಹತ್ತಿರದ ಗಂಟೆಗೆ ತಾನೇ ಸರಿಹೊಂದುತ್ತಿತ್ತು. ತನ್ವೀರ್ ಸಂಜೆ ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಅದರೊಳಗೆ ತುಂಬಿದ್ದ.

ಸಾಬರ ಮಗಳು ಅಸ್ರಾಳನ್ನು ಅವನು ಕೇಳಿದ್ದ. ಸಾಬರು ಗಡಿಯಾರ ಕೇಳಿದ್ದರು.

"ಟೈಮ್ ಸರಿಯಾಗಿ ಇಟ್ಕೊಳ್ಳದೋನಿಗೆ ಮಗಳನ್ನ ಹೆಂಗೆ ಕೊಡ್ಲಿ? ನಾಳೆ ಒಂದಿನ ನೋಡ್ತೀನಿ. ತಪ್ಪಿದ್ರೆ, ನಾಡಿದ್ದು ರಾಮನಗರದ ರೇಷ್ಮೆಯೋರು ಹೆಣ್ಣು ನೋಡೋಕೆ ಬತ್ತಾವ್ರೆ."

"ಹಾರಿದಾಗ ಯಾರಿದ್ರು ಹತ್ರ?"

ಅವನ ಮೆಲುದನಿ ಸಾಬರಿಗೆ ಮುಟ್ಟಲಿಲ್ಲ. ಒಳಬಾಗಿಲಿನಿಂದ ಅಸ್ರಾ ಅದನ್ನೇ ಕೂಗಿ ಹೇಳಿದಳು.

"ವಾಸಿಂ ಬಂದು ಬಣ್ಣ ಕೇಳ್ತಿದ್ದ. ತಿರುಗಿ ನೋಡೋದ್ರೊಳಗೆ ಐದು!" ಎಂದರು ಸಾಬರು.

ವಾಸಿಂ! ಬಣ್ಣ ಹಚ್ಚುವ ಆಳು, ಶಿಳ್ಳೆ ಹೊಡೆಯುವುದರಲ್ಲಿ ಚನ್ನಪಟ್ಟಣಕ್ಕೇ ಹೆಸರಾದವನು. ಅವನ ಶಿಳ್ಳೆಯನ್ನೇ ಆನೆ ಪೀಂ ಪೀಂ ಎಂದುಕೊಂಡಿತೇ? ಆದರೂ ಪಾಪ, ಸಾಕ್ಷಿ ಇಲ್ಲದೆ ದೂರುವುದು ಹೇಗೆ? ತಪ್ಪು ತನ್ನ ಪ್ರೋಗ್ರಾಮಿನದೇ ಆಗಿದ್ದರೆ?

ಹೊರಡುವಾಗ ಅಸ್ರಾ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದಳು. "ನಾಳೆ ರಜ ಹಾಕಿ ಬನ್ನಿ. ಅಬ್ಬಾ ಮುಂದೆ ಜೋರಾಗಿ ಮಾತಾಡಿ. ಯಾರ ಮಾತೇ ಆಗ್ಲಿ, ನೀವು ಜೋರಾಗಿ ಹೇಳಿ."

ಧೈರ್ಯ ತೋರಿಸಲಿ ಎಂದಿರಬೇಕು. ರಾತ್ರಿಯೆಲ್ಲ ಅವನು ದಿಂಬಿನೊಳಗೆ ಕೂಗಿ ಅಭ್ಯಾಸ ಮಾಡಿದ.

ಮರುದಿನ ಏಪ್ರಿಲ್ ಬಿಸಿಲಿಗೆ ಶೀಟಿನ ಮಾಡು ಕಾದಿತ್ತು. ಸಾಬರು ಮಾತ್ರ ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡು ಆನೆಯ ಪಕ್ಕ ಕೂತಿದ್ದರು. ಮರದ ದೂಳು ಎನ್ನುವುದು ಅವರ ಕಾರಣ. ತನ್ವೀರ್ ದಿನವಿಡೀ ಅರಚಿದ. ನೀರು ಬೇಕೆಂದು ಅರಚಿದ, ಹೊತ್ತಾಯಿತೆಂದು ಅರಚಿದ. ಸಾಬರ ಮುಖ ಯಾಕೋ ಅರಳುತ್ತಾ ಹೋಯಿತು.

ನಾಲ್ಕೂವರೆ ದಾಟಿತು. ವಾಸಿಂ ಬಂದ. ತನ್ವೀರ್ ಅವನ ತುಟಿಯನ್ನೇ ದಿಟ್ಟಿಸಿದ.

"ಚಾಚಾ, ಬುಗುರಿಗೆ ಯಾವ ಬಣ್ಣ?" ವಾಸಿಂ ಪಿಸುಗುಟ್ಟಿದ.

ಸಾಬರ ಕೈ ಮಫ್ಲರಿನತ್ತ ಮೇಲೆದ್ದಿತು.

"ಬುಗುರಿಗೆ ಯಾವ ಬಣ್ಣ ಅಂತ ಕೇಳ್ತಾವ್ನೆ!" ತನ್ವೀರ್ ಕಿರುಚಿದ.

"ಹಳದಿ," ಎಂದರು ಸಾಬರು. ಕೈ ತೊಡೆಗೆ ಮರಳಿತು.

ಲೇತಿನ ಬಳಿ ಕೈ ತೊಳೆಯಲು ಎದ್ದಿದ್ದ ಆಳುಗಳು ಮತ್ತೆ ಕೂತರು. "ಯಾಕ್ಲಾ ನಿಂಗೆ ಇನ್ನೊಬ್ರ ಮಾತು?" ಎಂದು ವಾಸಿಂ ಹಲ್ಲು ಕಡಿದ. ಶಿಳ್ಳೆ ಹೊಡೆಯಲೇ ಇಲ್ಲವಲ್ಲ! ತನ್ವೀರನಿಗೆ ಏನೂ ಅರ್ಥವಾಗಲಿಲ್ಲ.

ರೇಡಿಯೊ ಪೀಂ ಪೀಂ ಎಂದಿತು. ಆನೆ ಐದು ತೋರಿಸಿತು. ಸರಿಯಾಗಿ ಐದು.

ಆಳುಗಳು ಹೋದರು. ಚಹಾ ಬಂತು. ಮನೆತನದ ಮಾತೆಲ್ಲ ಮುಗಿಯುವಾಗ ಐದೂವರೆ ದಾಟಿತ್ತು. "ಆ ರಾಮನಗರದ ಹುಡುಗ ಬಾಯೊಳಗೇ ಗೊಣಗ್ತಾನೆ. ಗಂಡಸು ಅಂದ್ರೆ ನಿನ್ನಂಗೆ ಮಾತಾಡ್ಬೇಕು," ಎಂದು ಸಾಬರು ಬೆನ್ನು ತಟ್ಟಿದರು. "ಅಸ್ರಾ ನಿಂಗೇ."

ತನ್ವೀರ್ ತಲೆ ತಗ್ಗಿಸಿದ. "ಶುಕ್ರಿಯಾ," ಎಂದ. ಹಳೆಯ ಮೆಲುದನಿಯಲ್ಲಿ.

"ಏನಂದೆ?" ಸಾಬರು ಕಿವಿಗೆ ಅಂಗೈ ಅಡ್ಡ ಹಿಡಿದು ಬಗ್ಗಿದರು, ಮಫ್ಲರಿನೊಳಗೆ ಅಡಗಿದ್ದ ಕಿವಿಯ ಮೆಷಿನ್ನು ಪೀಂ ಪೀಂ ಎಂದು ಕೂಗಿತು, ಆನೆ ಆರಕ್ಕೆ ಹಾರಿತು.