ಒಳಗಿನ ದೇವರಿಗಿಟ್ಟ ಕುಂಕುಮ

ಕುಂಕುಮ ಹಚ್ಚಿ ಕೈಮುಗಿದ ಮಾತ್ರಕ್ಕೆ ಒಂದು ವಸ್ತುವನ್ನು ಕಾಪಾಡಿದಂತಾಯಿತೆಂದು ನಿಮಗೆ ಹೇಳಿಕೊಟ್ಟವರು ಯಾರು? ವರ್ಷಕ್ಕೊಮ್ಮೆ ಆಯುಧಪೂಜೆಯಂದು ಕಚೇರಿಯ ಯಂತ್ರದ ಮುಂದೆ ನಿಂಬೆಹಣ್ಣು ಇಡುವ ನೀವು, ಅದು ನಡೆಯಲು ಬೇಕಾದ ಫ್ಲಾಪಿಯ ಇನ್ನೊಂದು ಪ್ರತಿಯನ್ನು ಎಂದಾದರೂ ತೆಗೆದಿಟ್ಟಿದ್ದೀರಾ? ಸೂಲಿಬೆಲೆಯ ಜನಪದ ಹಾಡುಗಳ ಸಂಗ್ರಹ ಕೇಂದ್ರದವರಂತೂ ತೆಗೆದಿಟ್ಟಿರಲಿಲ್ಲ.

“ಇವತ್ತಾದ್ರೂ ನಮ್ಮಕ್ಕ ಹಾಡ್ತಾಳೇನಪ್ಪಾ?” ಎನ್ನುತ್ತ ಕದಿರಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಇದೇ ತೊಂಬತ್ತೆಂಟರ ಭಾದ್ರಪದದ ಮಾತು. ಅವಳ ಅಕ್ಕ ಮುನಿರತ್ನಮ್ಮ ಯುಗಾದಿಗೆ ಮುಂಚೆಯೇ ತೀರಿಕೊಂಡಿದ್ದಳು. ಕಾರ್ತಿಕದಲ್ಲಿ ಅಕ್ಕನ ಮಗಳು ಅನಸೂಯಳ ಮದುವೆ. ಸುತ್ತಲಿನ ಊರುಗಳ ಚಪ್ಪರಗಳಲ್ಲೆಲ್ಲ ಸೋಬಾನೆ ಹಾಡಿದವಳ ದನಿ ಹೆತ್ತ ಮಗಳ ಚಪ್ಪರದಲ್ಲಿ ಒಮ್ಮೆ ಕೇಳಬೇಕು. ಕದಿರಮ್ಮನ ಹಂಬಲ ಅಷ್ಟೇ. ತಾನೇ ಹಾಡೋಣವೆಂದರೆ, ಸಾಲು ಎತ್ತಿಕೊಡುವುದು ಯಾವಾಗಲೂ ಅಕ್ಕನ ಪಾಲು, ಅದರ ಬೆನ್ನಿಗೆ ಸೊಲ್ಲು ಸೇರಿಸುವುದು ತಂಗಿಯ ಪಾಲು. ಸೊಲ್ಲು ಬಲ್ಲವಳಿಗೆ ಸಾಲು ಬಾರದು.

ಆ ದನಿ ಇದ್ದದ್ದು ಕೇಂದ್ರದ ಕಂಪ್ಯೂಟರಿನಲ್ಲಿ ಮಾತ್ರ. ಕ್ಯಾಸೆಟ್ಟಿನಲ್ಲಿ ಹಿಡಿದಿದ್ದ ಹಾಡು ಅಲ್ಲಿಗೆ ಸೇರಿದೊಡನೆ, ಇನ್ನು ಇದೇಕೆ ಎಂದು ಕಾರ್ಯದರ್ಶಿ ಬೈಲಪ್ಪ ಮೇಷ್ಟ್ರು ಕ್ಯಾಸೆಟ್ಟಿನ ಮೇಲೆ ಬೇರೆಯದನ್ನು ತುಂಬಿಸಿದ್ದರು. ಐದು ಡಿಸ್ಕುಗಳ ಯಂತ್ರ ಅದು. ಒಂದು ಕೆಟ್ಟರೂ ಉಳಿದ ನಾಲ್ಕರಿಂದ ಹಾಡು ಮರಳಿ ದೊರೆಯುವಂತೆ ಅವನ್ನೆಲ್ಲ ಆಳುವ ರೇಡ್ ಕಾರ್ಡೊಂದಿತ್ತು. ಆ ಕಾರ್ಡಿನೊಡನೆ ವ್ಯವಹರಿಸುವುದನ್ನು ಕಂಪ್ಯೂಟರಿಗೆ ಕಲಿಸುವ ಡ್ರೈವರ್ ಮಾತ್ರ ಒಂದೇ ಒಂದು ಫ್ಲಾಪಿಯಲ್ಲಿತ್ತು. ಡಿಸ್ಕು ಕೆಟ್ಟೀತೆಂದು ಅಷ್ಟು ಮುಂದಾಲೋಚನೆ ಮಾಡಿದವರು, ಬೀರುವಿನ ತುಂಬ ಖಾಲಿ ಫ್ಲಾಪಿಗಳಿದ್ದರೂ ಅದಕ್ಕೊಂದು ಜೊತೆ ಮಾಡಲಿಲ್ಲ. ಆಷಾಢದ ಸಿಡಿಲಿಗೆ ಕಂಪ್ಯೂಟರಿನ ಮೂಲ ವ್ಯವಸ್ಥೆ ಅಳಿಸಿಹೋಯಿತು. ಮತ್ತೆ ಕೂರಿಸಹೊರಟಾಗ ಅದು ಕೇಳಿದ್ದು ಆ ಫ್ಲಾಪಿಯನ್ನೇ. ಯಂತ್ರ ಮಾರಿದ ಅಂಗಡಿಯವರು ಆ ಮಾದರಿಯೇ ನಿಂತುಹೋಯಿತೆಂದು ಕೈಚೆಲ್ಲಿದರು.

“ಹಾಡು ಎಲ್ಲೂ ಹೋಗಿಲ್ಲ ಕಣಮ್ಮ, ಐದು ಡಿಸ್ಕೂ ಚೆನ್ನಾಗವೆ,” ಎಂದ ಯಂತ್ರ ನೋಡಿಕೊಳ್ಳುವ ಜಯಕುಮಾರ. “ಕಂಪ್ಯೂಟರ್‌ಗೆ ಅವು ಕಾಣಿಸ್ತಿಲ್ಲ, ಅಷ್ಟೇ. ಕಾರಣ ಇಲ್ಲಿ ನೋಡಿ.” ಅವನು ಫ್ಲಾಪಿಯ ತಗಡಿನ ಪುಟ್ಟ ಬಾಗಿಲನ್ನು ಸರಿಸಿದ. ಒಳಗಿನ ಕಪ್ಪು ಹಾಳೆಯ ಮೇಲೆ ಒಣಗಿದ ಕುಂಕುಮವಿತ್ತು.

“ಯಾರಪ್ಪಾ ಇಟ್ಟಿದ್ದು?”

“ನಿಮ್ಮಕ್ಕನೇ. ಹೋದ ವರ್ಷ ಪೂಜೆ ದಿನ. ಇದಿಲ್ದಿದ್ರೆ ಮಿಷಿನ್ನು ಕುರುಡು ಅಂತ ನಾನೇ ತಟ್ಟೇಲಿ ಇಟ್ಟಿದ್ದೆ. ಅವ್ರು ಎತ್ಕೊಂಡು ಈ ಬಾಗ್ಲು ಸರಿಸ್ಬಿಟ್ರು. ಯಾಕಮ್ಮ ಅಂದ್ರೆ, ‘ಹೊಸ್ಲಿಗೆ ಇಟ್ಟು ಒಳಗಿನ ದೇವ್ರಿಗೆ ಇಡ್ದೆ ಹೋದ್ರೆ ಹೆಂಗಪ್ಪಾ’ ಅಂದ್ರು. ನಾವೆಲ್ಲಾ ನಕ್ಕು ಸುಮ್ನಾದ್ವಿ.”

ಕದಿರಮ್ಮನಿಗೂ ನಗು ಬಂತು. “ಅವಳ್ದು ಎಲ್ಲಾದ್ರಾಗೂ ಒಂದು ಕೈ ಜಾಸ್ತೀನೇ. ಸಾರಿಗೆ ಖಾರಾನೂ ಹಂಗೇ ಹಾಕೋಳು.”

“ಸ್ಪಿರಿಟ್‌ನಲ್ಲಿ ಒರೆಸಿದ್ರೆ ಓದಿದ್ರೂ ಓದ್ಬೋದು. ಓದ್ದೇನೂ ಇರ್ಬೋದು,” ಎಂದು ಜಯಕುಮಾರ ಹತ್ತಿ ತೆಗೆದ.

ಕದಿರಮ್ಮ ಫ್ಲಾಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕುಂಕುಮದಲ್ಲಿ ಅಕ್ಕನ ಬೆರಳಿನ ಗೆರೆಗಳು ಒತ್ತಿದಂತೆಯೇ ಉಳಿದಿದ್ದವು. ಅವಳು ತನ್ನ ಬೆರಳನ್ನು ಅದರ ಹತ್ತಿರ ತಂದು, ಮುಟ್ಟದೆ ನಿಲ್ಲಿಸಿದಳು. “ಇದೂ ಅವಳೇ ಅಲ್ವೇನಪ್ಪಾ.”

“ಮನ್ಸಿಲ್ದಿದ್ರೆ ಬ್ಯಾಡ ಬಿಡು ತಾಯಿ, ಹಂಗೇ ಇಟ್ಕೋ,” ಎಂದರು ಬೈಲಪ್ಪ ಮೇಷ್ಟ್ರು. ಕ್ಯಾಸೆಟ್ಟು ಅಳಿಸುವಾಗ ಇಲ್ಲದಿದ್ದ ಮೆತ್ತನೆಯ ದನಿ ಈಗ ಅವರಿಗೆ ಬಂದಿತ್ತು.

ಕದಿರಮ್ಮ ಬಹಳ ಹೊತ್ತು ನೋಡಿದಳು. ಕೊನೆಗೆ ಫ್ಲಾಪಿಯನ್ನು ಜಯಕುಮಾರನ ಕೈಗಿಟ್ಟಳು. “ಒರ್ಸಪ್ಪಾ. ಚಪ್ಪರದಾಗೆ ಬೆರಳು ಹಾಡಾಕಿಲ್ಲ.”

ಒರೆಸಿದ. ಹತ್ತಿ ಕೆಂಪಾಯಿತು. ಫ್ಲಾಪಿಯನ್ನು ಒಳಗೆ ತಳ್ಳಿದಾಗ ಯಂತ್ರ ಕಿರುಗುಟ್ಟಿತು, ತಡೆಯಿತು, ಮತ್ತೆ ಕಿರುಗುಟ್ಟಿತು. ಓದಲಾಗುತ್ತಿಲ್ಲವೆಂದು ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಜಯಕುಮಾರ ಮತ್ತೆ ಒರೆಸಿದ, ಮತ್ತೆ ತಳ್ಳಿದ. ಮೂಡಿದ್ದು ಅದೇ ಅಕ್ಷರಗಳು. ಕೆಳಗೆ ಐದು ಡಿಸ್ಕುಗಳ ಹಸಿರು ದೀಪಗಳು ಮಾತ್ರ, ಏನೂ ಆಗಿಲ್ಲವೆಂಬಂತೆ, ಉರಿಯುತ್ತಲೇ ಇದ್ದವು.

“ದೀಪ ಉರೀತೈತಲ್ಲಪ್ಪಾ. ಒಳಗೆ ಇದಾಳೆ ಅಂತೀಯಾ?”

“ಇದಾರೆ ಕಣಮ್ಮ.”

ಕದಿರಮ್ಮ ಯಂತ್ರದ ಮುಂದೆ ನೆಲದ ಮೇಲೆ ಕುಳಿತಳು. ಒಂದು ಸಾಲು ಹಾಡಿ ಮುಗಿಯುವಷ್ಟು ಹೊತ್ತು ಸುಮ್ಮನಿದ್ದು, “ಸೋಬಾನವೇ” ಎಂದು ಸೊಲ್ಲು ಸೇರಿಸಿದಳು. ಮತ್ತೆ ಒಂದು ಸಾಲಿನಷ್ಟು ಮೌನ. ಯಂತ್ರದೊಳಗೆ ಫ್ಯಾನಿನ ಗುಂಯ್‌ಗುಟ್ಟುವಿಕೆ. ಮತ್ತೆ ಸೊಲ್ಲು. ಯಂತ್ರವನ್ನು ಆರಿಸಲು ಜಯಕುಮಾರನ ಕೈ ಏಳಲಿಲ್ಲ.

ಓದುಗರೇ, ಬರುವ ಆಯುಧಪೂಜೆಗೆ ನಿಮ್ಮ ಕಚೇರಿಯ ಮೇಜು ಒರೆಸುವಾಗ, ಹಸಿರು ಚೀಟಿಯ ಮೇಲೆ ‘ರೇಡ್ ಡ್ರೈವರ್’ ಎಂದು ಅಚ್ಚಾಗಿರುವ ಅದೇ ಮಾದರಿಯ ಹಳೆಯ ಫ್ಲಾಪಿ ಸಿಕ್ಕರೆ, ದಯವಿಟ್ಟು ಅದಕ್ಕೆ ಕುಂಕುಮ ಇಡಬೇಡಿ. ಸೂಲಿಬೆಲೆಗೆ ತನ್ನಿ. ಕಾರ್ತಿಕಕ್ಕೆ ಮೊದಲು ತನ್ನಿ.